ನೀರಗಂಟಿ ಬೀದಿಯ ನಲವತ್ತು ಮೀಟರ್

ಟೇಪಿನ ಸೊನ್ನೆಯ ತುದಿಯನ್ನು ಆಡಿನ ಒಡತಿಯ ಕೈಗೆ ಕೊಟ್ಟು, ಉಳಿದದ್ದನ್ನು ಬಿಚ್ಚುತ್ತ, ಕೂತಲ್ಲಿಂದಲೇ ಟೆಂಪೊದ ಹಿಂದಿನ ಚಕ್ರದ ಕಡೆಗೆ ಸರಿಯುತ್ತಿದ್ದೆ. ಕರಿ ಗುರುತಿನ ಮೇಲೆ ಟೇಪು ಸುಕ್ಕಿಲ್ಲದೆ ಕೂರಬೇಕು. ಅದಕ್ಕೆ ಹೆಬ್ಬೆರಳಿನಿಂದ ಒತ್ತಿಕೊಂಡು ಹೋಗಬೇಕು. ಬಿಸಿಲಿಗೆ ಕಾದ ರಸ್ತೆ ಸೀರೆಯ ಮೇಲಿಂದಲೂ ಮಂಡಿ ಸುಡುತ್ತಿತ್ತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಆಡಿನವಳು ಸೊನ್ನೆಯನ್ನು ಸತ್ತ ಆಡಿನ ಪಕ್ಕ ಹಿಡಿದು ಕೂತಿದ್ದಳು.

"ಅಲ್ಲಲ್ಲ ಸಣ್ಣಕ್ಕ. ಇನ್ನೂ ಹಿಂದೆ ಹೋಗು. ಕಪ್ಪು ಎಲ್ಲಿ ಶುರುವಾಗಿದೆಯೋ ಅಲ್ಲಿಗೆ ಸೊನ್ನೆ. ಆಡು ಬಿದ್ದಿರೋ ಕಡೆಗಲ್ಲ."

ಎಲ್ಲರೂ ಮಾಡುವ ತಪ್ಪು ಅದು. ನಮ್ಮೂರಿನ ಪದ್ಧತಿಯಂತೆ ಸೊನ್ನೆಯನ್ನು ಸತ್ತವರ ಕಡೆಯವರೇ ಹಿಡಿಯಬೇಕು, ಹಿಡಿದವರ ಕೈ ತಾನಾಗಿಯೇ ಸತ್ತವರ ಹತ್ತಿರ ಹೋಗಿಬಿಡುತ್ತದೆ. ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಹಿಂದೆ ಹೋಗಿ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಸಣ್ಣಕ್ಕ ಹಿಂದೆ ಸರಿದಳು. ಗುರುತು ಆರು ಮೀಟರ್ ನಲವತ್ತು ಸೆಂಟಿಮೀಟರ್ ಇತ್ತು. ನಮ್ಮೂರಿನಲ್ಲಿ ಬ್ರೇಕ್ ಒತ್ತಿದ ಗಾಡಿ, ಹೊಸ ಕಾರಾಗಲಿ ಮುರುಕು ಲಾರಿಯಾಗಲಿ, ಒಂದೇ ಹದದಲ್ಲಿ ನಿಧಾನವಾಗುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂದು ಓಡುವ ಗಾಡಿ ಪ್ರತಿ ಸೆಕೆಂಡಿಗೂ ಅದರಲ್ಲಿ ಐದನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಲೆಕ್ಕ ಸುಲಭ. ಗುರುತಿನ ಉದ್ದವನ್ನು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆದರೆ ಬ್ರೇಕ್ ಒತ್ತಿದ ಕ್ಷಣದ ವೇಗ ಸಿಕ್ಕಿತು. ಅರವತ್ತನಾಲ್ಕರ ಮೂಲ ಎಂಟು. ಸೆಕೆಂಡಿಗೆ ಎಂಟು ಮೀಟರ್ ಎಂದರೆ ಗಂಟೆಗೆ ಇಪ್ಪತ್ತೆಂಟು ಚಿಲ್ಲರೆ ಕಿಲೋಮೀಟರ್.

ಸಣ್ಣಕ್ಕ ನನ್ನ ಕಿವಿಯ ಹತ್ತಿರ ಬಂದಳು. "ಐವತ್ತು ಅಂದುಬಿಡಿ ಅಕ್ಕಾ. ಗಬ್ಬದ ಆಡು ನಂದು."

"ಐವತ್ತು ಅಂದ್ರೆ ಸುಳ್ಳಾಗುತ್ತೆ. ಗುರುತು ಅಳಿಯಲ್ಲ, ಇಲ್ಲೇ ಬಿದ್ದಿರುತ್ತೆ. ದಿನಾ ಬಾಗಿಲು ತೆಗೆದ್ರೆ ಅದನ್ನೇ ನೋಡ್ತೀಯಾ?"

"ನೋಡ್ತೀನಿ ಬಿಡಿ. ಅದಾದ್ರೂ ಇರಲಿ."

ನನಗೆ ನಗು ಬಂತು. ಟೆಂಪೊದವನೂ ನಕ್ಕ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ "ಇಪ್ಪತ್ತೆಂಟು" ಎಂದೆ. ಟೆಂಪೊದವನ ಭುಜ ಇಳಿಯಿತು. ನಲವತ್ತರ ಒಳಗೆ ಬಂದರೆ ಚಾಲಕನದು ತಪ್ಪಲ್ಲ, ಆಗಿಹೋದದ್ದು ಎಂದು ಊರು ಒಪ್ಪಿಕೊಳ್ಳುತ್ತದೆ. ಸತ್ತದ್ದು ಮನುಷ್ಯರಾದರೆ ಅವರ ಮನೆಯವರು ಹದಿಮೂರನೇ ದಿನ ಅವನನ್ನು ಕರೆದು ಊಟ ಹಾಕುತ್ತಾರೆ. ನಲವತ್ತು ದಾಟಿದರೆ ಅವನು ಸಾಯುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ, ಆ ಮನೆಯ ಬಾಗಿಲು ಅವನಿಗೆ ಮುಚ್ಚಿತು. ಹೇಳಿದ ಅಂಕಿ ಸರಿಯಿದ್ದರೆ ಗುರುತು ಮೊದಲ ಮಳೆಗೇ ತೊಳೆದುಹೋಗುತ್ತದೆ. ತಪ್ಪಿದ್ದರೆ ಮೇಲೆ ಹೊಸ ಟಾರು ಹಾಕಿದರೂ ಎದ್ದು ಬರುತ್ತದೆ. ಅಳೆದವರೇ ಮತ್ತೆ ಅಳೆದು ಸರಿಯಾದದ್ದನ್ನು ಹೇಳಬೇಕು, ಬೇರೆ ಯಾರು ಹೇಳಿದರೂ ರಸ್ತೆ ಕೇಳುವುದಿಲ್ಲ.

ಈ ಕಡೆಯ ಬೀದಿಗಳು ನನ್ನವಲ್ಲ. ಕೆರೆಯಿಂದ ಈಚೆಗೆ ಚಂಪಾವತಿ ಅಳೆಯುತ್ತಾಳೆ, ಆಚೆಗೆ ನಾನು. ಚಂಪಾವತಿ ಸೊಂಟ ಹಿಡಿದು ಮಲಗಿದ್ದರಿಂದ ಇವತ್ತು ನನಗೆ ಬರಬೇಕಾಯಿತು. ಬರುವ ಮೊದಲು ಎರಡು ಸಲ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಿದ್ದೆ. ನನ್ನ ಮಗಳು ಕುಮುದ ಸತ್ತದ್ದು ಇದೇ ನೀರಗಂಟಿ ಬೀದಿಯಲ್ಲಿ, ಹನ್ನೊಂದು ವರ್ಷದ ಹಿಂದೆ. ಆಗ ಅವಳಿಗೆ ಎಂಟು. ಆಮೇಲೆ ಈ ಬೀದಿಗೆ ಕಾಲಿಟ್ಟಿರಲಿಲ್ಲ. ಮೂರ್ನಾಲ್ಕು ಸಲ ಆಟೋದಲ್ಲಿ ಹಾದುಹೋಗಿದ್ದೆ ಅಷ್ಟೆ. ಹೋದಾಗಲೆಲ್ಲ ರಸ್ತೆಯ ಒಂದು ಮಗ್ಗುಲಿಗೆ ಚಾಪೆ ಹಾಸಿ ಏನಾದರೂ ಒಣಗಿಸಿರುತ್ತಿದ್ದರು. ಬೇಸಿಗೆಯಲ್ಲಿ ಸಂಡಿಗೆ, ಉಳಿದ ಕಾಲದಲ್ಲಿ ಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಹಳೇ ಕೌದಿ. ಈ ಬೀದಿಯ ಹೆಂಗಸರು ಬಲು ಗಟ್ಟಿ ಸಂಸಾರಸ್ಥರು ಎಂದುಕೊಂಡಿದ್ದೆ.

ಇವತ್ತೂ ಹಾಸಿದ್ದರು. ರಸ್ತೆಯ ಎಡ ಮಗ್ಗುಲಿಗೆ ಒಂದರ ತುದಿಗೆ ಒಂದು ಸೇರಿಸಿ ಸಾಲಾಗಿ ಚಾಪೆ, ಮೇಲೆ ಅಕ್ಕಿ ಸಂಡಿಗೆ. ಟೇಪು ಸುತ್ತಿಕೊಳ್ಳುತ್ತ ಅದರ ಕಡೆ ನೋಡಿದೆ. ಎಣ್ಣೆಗೆ ಬಿಡುವುದಷ್ಟೇ ಬಾಕಿ ಎನ್ನುವ ಹಾಗೆ ಒಣಗಿದ್ದ, ಡಬ್ಬಿಯಿಂದ ಈಗಷ್ಟೇ ಸುರಿದಂತಿದ್ದ ಸಂಡಿಗೆ. ಇದನ್ನು ಮತ್ತೆ ಯಾಕೆ ಒಣಗಿಸುತ್ತಾರೆ ಎಂದು ಯೋಚಿಸುವಷ್ಟರಲ್ಲಿ ಬಿಸಿಲು ಮಾಯವಾಗಿ ದಪ್ಪ ದಪ್ಪ ಹನಿ ಬೀಳತೊಡಗಿತು.

ಬೀದಿಯ ಹೆಂಗಸರೆಲ್ಲ ಬಾಗಿಲಲ್ಲೇ ಇದ್ದರು. ಒಬ್ಬರೂ ಕದಲಲಿಲ್ಲ.

"ರಾಜಮ್ಮಾ, ಮಳೆ ಬಂತಲ್ಲ. ಎತ್ತಬಾರದಾ?" ಎಂದು ಎದುರು ಮನೆಯವಳನ್ನು ಕೂಗಿದೆ.

"ಇರಲಿ ಬಿಡಿ ಅಕ್ಕಾ. ಈಗ ನಿಲ್ಲುತ್ತೆ." ರಾಜಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು. "ನೀವು ನೆನೀಬೇಡಿ, ಹೊರಡಿ. ಆಟೋ ಕರೀಲಾ?"

ಮಳೆ ಜೋರಾಯಿತು. ನನ್ನ ಕಾಲ ಬಳಿ ಟೆಂಪೊದ ಗುರುತು ಕರಗಿ, ತಿಳಿ ಕಪ್ಪು ನೀರಾಗಿ ಚರಂಡಿಯ ಕಡೆ ಹರಿಯಿತು. ಅತ್ತ ಸಂಡಿಗೆ ನೆನೆದು ಮೆತ್ತಗಾಗಿ ಚಾಪೆಗೆ ಅಂಟಿಕೊಳ್ಳುತ್ತಿತ್ತು. ಯಾವ ಹೆಂಗಸು ತಾನು ಮಾಡಿದ ಸಂಡಿಗೆ ಕಣ್ಣೆದುರೇ ಗಂಜಿಯಾಗುವುದನ್ನು ನೋಡುತ್ತ ನಿಲ್ಲುತ್ತಾಳೆ? ಅಡಿಗೆ ಮನೆಯಲ್ಲಿ ಮೂವತ್ತು ವರ್ಷ ಕಳೆದವಳು ನಾನು. ನಾನೇ ಹೋಗಿ ಮೊದಲ ಚಾಪೆಯ ಅಂಚು ಹಿಡಿದು ಎತ್ತಿದೆ.

"ಬೇಡ ಅಕ್ಕಾ!" ಎಂದು ರಾಜಮ್ಮ ಮಳೆಯಲ್ಲೇ ಓಡಿ ಬಂದಳು. ಬಂದವಳು ನನ್ನ ಪಕ್ಕ ನಿಂತುಬಿಟ್ಟಳು.

ಚಾಪೆಯ ಕೆಳಗೆ ಎರಡು ಕರಿ ಗೆರೆಗಳಿದ್ದವು. ಮಳೆನೀರು ಅವುಗಳ ಮೇಲೆ ಎಣ್ಣೆಯ ಮೇಲೆ ಜಾರುವ ಹಾಗೆ ಜಾರಿಹೋಗುತ್ತಿತ್ತು.

ಯಾರದ್ದು ಎಂದು ನಾನು ಕೇಳಲಿಲ್ಲ. ಮುಂದಿನ ಚಾಪೆ ಎತ್ತಿದೆ, ಅದರ ಮುಂದಿನದನ್ನು ಎತ್ತಿದೆ. ರಾಜಮ್ಮನೇ ಉಳಿದವನ್ನು ಒಂದೊಂದಾಗಿ ಸುತ್ತಿ ಪಕ್ಕಕ್ಕಿಟ್ಟಳು. ಗೆರೆಗಳು ಮುಗಿಯುವ ಕಡೆ ಹುಣಸೇಮರವಿತ್ತು. ಕುಮುದಳಿಗೆ ಬಡಿದ ಕಾರು ನಿಂತಿದ್ದು ಆ ಮರದ ಕೆಳಗೆ. ಆವತ್ತು ಸುದ್ದಿ ಬಂದಾಗ ನಾನೂ ನನ್ನ ಗಂಡನೂ ಆ ಮರದ ಕಡೆಯಿಂದಲೇ ಓಡಿ ಬಂದಿದ್ದೆವು. ಚಂಪಾವತಿ ಟೇಪು ಹಿಡಿದು ನಿಂತಿದ್ದಳು. ನನ್ನ ಮಗಳನ್ನು ನಾನೇ ಅಳೆಯುತ್ತೇನೆ ಎಂದು ಅವಳ ಕೈಯಿಂದ ಕಿತ್ತುಕೊಂಡೆ. ಸೊನ್ನೆಯನ್ನು ನನ್ನ ಗಂಡ ಹಿಡಿದುಕೊಂಡು ಹೋದರು. ನಾನು ಕಾರಿನ ಚಕ್ರದ ಬಳಿ ಕೂತೆ. ಅತ್ತ ಯಾರೋ ಟವಲು ಹೊದಿಸಿದ್ದರು. ಅತ್ತ ನೋಡಬಾರದು, ನೋಡಿದರೆ ಅಂಕಿ ಕಾಣುವುದಿಲ್ಲ ಎಂದು ಟೇಪಿಗೆ ಮುಖ ಹಚ್ಚಿಕೊಂಡೆ. ಹತ್ತು ಮೀಟರ್ ಇತ್ತು. ಹತ್ತನ್ನು ಹತ್ತರಿಂದ ಗುಣಿಸಿದರೆ ನೂರು, ನೂರರ ಮೂಲ ಹತ್ತು, ಗಂಟೆಗೆ ಮೂವತ್ತಾರು. ಮೂವತ್ತಾರು ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಮರದ ಕಾಗೆಗಳೆಲ್ಲ ಎದ್ದುಹೋದವು.

"ಸೊನ್ನೆ ಹಿಡೀಲಾ ಅಕ್ಕಾ?" ಎಂದು ರಾಜಮ್ಮ ಕೇಳಿದಳು.

"ಬೇಡ."

ಗೆರೆ ಶುರುವಾಗುವ ಕಡೆಗೆ ನಾನೇ ಹೋಗಿ ಸೊನ್ನೆಯ ಮೇಲೆ ಕಲ್ಲಿಟ್ಟೆ. ನನ್ನ ಟೇಪು ಮೂವತ್ತು ಮೀಟರಿನದು. ಬಿಚ್ಚುತ್ತ ಬಿಚ್ಚುತ್ತ ಬಂದೆ. ಟೇಪು ಮುಗಿದ ಕಡೆ ಗೆರೆ ಒಂದು ಗೇಣಿನಷ್ಟು ಸೊಟ್ಟಗಾಗಿತ್ತು, ಮತ್ತೆ ನೆಟ್ಟಗಾಗಿ ಮುಂದಕ್ಕೆ ಹೋಗಿತ್ತು. ಅಲ್ಲಿ ಬಗ್ಗಿ ಕೈಯಿಟ್ಟೆ. ಟವಲು ಹೊದಿಸಿದ್ದು ಅಲ್ಲೇ. ನನ್ನ ಗಂಡ ಸೊನ್ನೆ ಹಿಡಿದು ಕುಸಿದು ಕೂತದ್ದೂ ಅಲ್ಲೇ. ಅಲ್ಲಿಂದ ಮರದವರೆಗೆ ಇನ್ನೊಮ್ಮೆ ಟೇಪು ಹಾಕಿದೆ. ಹತ್ತು.

ಒಟ್ಟು ನಲವತ್ತು. ಹತ್ತರಿಂದ ಗುಣಿಸಿದರೆ ನಾನೂರು, ಮೂಲ ಇಪ್ಪತ್ತು. ಸೆಕೆಂಡಿಗೆ ಇಪ್ಪತ್ತು ಮೀಟರ್ ಎಂದರೆ ಗಂಟೆಗೆ ಎಪ್ಪತ್ತೆರಡು.

ಮೂವತ್ತಾರು ಎನ್ನುವುದೂ ಸುಳ್ಳಾಗಿರಲಿಲ್ಲ. ಅದು ಕುಮುದಳಿಗೆ ತಾಕುವ ಹೊತ್ತಿಗೆ ಕಾರಿನಲ್ಲಿ ಉಳಿದಿದ್ದ ವೇಗ. ಇಪ್ಪತ್ತು ಹತ್ತಾಗಲು ಎರಡು ಸೆಕೆಂಡು ಬೇಕು. ಎರಡು ಸೆಕೆಂಡು ಅವನು ಅವಳನ್ನು ನೋಡುತ್ತ ಬಂದಿದ್ದ. ಬ್ರೇಕಿನ ಸದ್ದಿಗೆ ಅವಳೂ ತಿರುಗಿರಬೇಕು. ಅವನು ನಿಜವಾಗಿ ಮೂವತ್ತಾರರಲ್ಲಿ ಬಂದಿದ್ದರೆ ಹತ್ತು ಮೀಟರಿಗೆ ನಿಂತುಬಿಡುತ್ತಿದ್ದ, ಅವಳಿಗಿಂತ ಇಪ್ಪತ್ತು ಮೀಟರ್ ಈಚೆಗೆ. ಅವಳಿಗೆ ಹೆದರಿಕೆಯೂ ಆಗುತ್ತಿರಲಿಲ್ಲ. ಅರವತ್ತರಲ್ಲಿ ಬಂದಿದ್ದರೂ ಎರಡು ಮೀಟರ್ ಉಳಿಯುತ್ತಿತ್ತು. ಲಂಗ ಒದ್ದೆ ಮಾಡಿಕೊಂಡು ಅಳುತ್ತ ಮನೆಗೆ ಬರುತ್ತಿದ್ದಳು, ರಸ್ತೆ ನೋಡಿ ನಡೆಯೋಕೆ ಏನು ರೋಗ ಎಂದು ನನ್ನಿಂದ ಎರಡೇಟು ತಿನ್ನುತ್ತಿದ್ದಳು. ಆ ಎರಡೇಟು ಹೊಡೆಯಬೇಕೆಂದು ನನ್ನ ಕೈ ಆ ಮಳೆಯಲ್ಲಿ ಜುಮುಗುಟ್ಟಿತು.

ಹನ್ನೊಂದು ವರ್ಷ ನಾನು ಬದುಕಿದ್ದು ಮೂವತ್ತಾರರ ಮೇಲೆ. ನಿದ್ದೆ ಬಾರದಾಗೆಲ್ಲ ಅದನ್ನು ಹೇಳಿಕೊಂಡೆ. ನಿಧಾನವಾಗೇ ಬರುತ್ತಿದ್ದ, ಯಾರೇನು ಮಾಡಲಾಗುತ್ತಿತ್ತು, ಅವಳ ಆಯುಸ್ಸೇ ಅಷ್ಟು. ಕಾರು ಓಡಿಸಿದವನು ಮರಿಸ್ವಾಮಿ, ಆಗ ಇಪ್ಪತ್ತೆಂಟರ ಹುಡುಗ. ಹದಿಮೂರನೇ ದಿನ ಅವನನ್ನು ಕರೆದು ಊಟಕ್ಕೆ ಕೂರಿಸಿದ್ದೆವು. ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದ. "ಇನ್ನೊಂದು ಸೌಟು ಪಾಯಸ ಹಾಕಿಸ್ಕೊಳ್ಳಪ್ಪ, ನಿನ್ನದೇನೂ ತಪ್ಪಿಲ್ಲ" ಎಂದು ನಾನೇ ಬಗ್ಗಿ ಬಡಿಸಿದ್ದೆ. ಅವನು ಎರಡನೇ ಸಲ ಹಾಕಿಸಿಕೊಂಡು, ಪೂರ್ತಿ ತಿಂದ.

ರಾಜಮ್ಮ ಹಿಂದೆಯೇ ನಿಂತಿದ್ದಳು. ಸಣ್ಣಕ್ಕನೂ ಬಂದಿದ್ದಳು, ಕೈಯಲ್ಲಿ ಆಡಿನ ಕೊರಳ ಹಗ್ಗ.

"ಮೊದಲನೇ ಮಳೆಗೇ ಗೊತ್ತಾಯ್ತು ಅಕ್ಕಾ ನಮಗೆ, ಅಳಿಯದೇ ಇದ್ದಾಗ," ಎಂದಳು ರಾಜಮ್ಮ. "ಯಾವ ಬಾಯಲ್ಲಿ ಬಂದು ಹೇಳೋದು? ನೀವು ಈ ಕಡೆ ಬರ್ತೀರಿ ಅಂತ ಸುದ್ದಿ ಬಂದಾಗೆಲ್ಲ ಚಾಪೆ ಹಾಕ್ತಾ ಬಂದ್ವಿ. ಇವತ್ತು ಡಬ್ಬಿಯಿಂದ ಸುರಿದ್ವಿ. ನಮ್ಮ ಮನೆಯವರು ಕೇಳ್ತಾರೆ, ಯಾವ ಮಹಾರಾಜರ ಮದುವೆಗೆ ಕಣ್ರೇ ಇಷ್ಟು ಸಂಡಿಗೆ ಅಂತ." ನಗಲು ಹೋದಳು, ಆಗಲಿಲ್ಲ. ಕಣ್ಣೊರೆಸಿಕೊಂಡು, "ಹೇಳಿಬಿಡಿ ಅಕ್ಕಾ. ಅಳಿಸಿಹೋಗಲಿ. ಮಕ್ಕಳು ಅದನ್ನ ತುಳೀದೇ ದಾಟಿಕೊಂಡು ಹೋಗ್ತವೆ. ನೋಡಕ್ಕಾಗಲ್ಲ" ಎಂದಳು.

"ಮಳೆ ನಿಂತ ಮೇಲೆ ಚಾಪೆ ಒಣಹಾಕು, ಬೂಸ್ಟು ಹಿಡಿಯುತ್ತೆ," ಎಂದು ಹೇಳಿ ಟೇಪು ಸುತ್ತಿಕೊಂಡು ಹೊರಟೆ.

ಬೀದಿಯ ತುದಿಯಲ್ಲಿ ಹಳದಿ ವ್ಯಾನು ನಿಂತಿತ್ತು. ಮರಿಸ್ವಾಮಿ ಈಗ ಶಾಲೆಯ ವ್ಯಾನು ಓಡಿಸುತ್ತಾನೆ. ನೀರಗಂಟಿ ಬೀದಿಯೊಳಗೆ ವ್ಯಾನು ತರುವುದಿಲ್ಲ, ತುದಿಯಲ್ಲಿ ನಿಲ್ಲಿಸಿ ಮಕ್ಕಳನ್ನು ನಡೆಸಿಕೊಂಡು ಹೋಗಿ ಮನೆ ಮನೆಗೆ ಬಿಟ್ಟು ಬರುತ್ತಾನೆ ಎಂದು ಎಲ್ಲೋ ಕೇಳಿದ್ದೆ. ಒಳ್ಳೆಯವನು, ಮಕ್ಕಳೆಂದರೆ ಜೋಪಾನ ಎಂದುಕೊಂಡಿದ್ದೆ. ನನ್ನನ್ನು ನೋಡಿ ಕೆಳಗಿಳಿದ. ಅವನ ಕಣ್ಣು ನನ್ನ ಮುಖ ಬಿಟ್ಟು ಟೇಪಿನ ಮೇಲೆ ನಿಂತಿತು. ನೀರು ಸೋರುತ್ತಿತ್ತು ಅದರಿಂದ.

"ಎಷ್ಟು ಬಂತು ಅಕ್ಕಾ?"

"ಇಪ್ಪತ್ತೆಂಟು. ಟೆಂಪೊ. ಆಡು ಸತ್ತಿದ್ದು."

"ಅಷ್ಟೇನಾ?"

"ಇನ್ನೆಷ್ಟು ಬೇಕಿತ್ತು ನಿನಗೆ?"

ಅವನು ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡ. "ಏನಿಲ್ಲ. ಪೂರಾ ನೆನೆದುಹೋಗಿದ್ದೀರಿ. ಹತ್ತಿ ಅಕ್ಕಾ, ಮನೆಗೆ ಬಿಡ್ತೀನಿ."

ಹತ್ತಿದೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಅವನ ಹಿಂದಿನ ಸೀಟಿನಲ್ಲಿ ಕೂತೆ. ಯಾವುದೋ ಮಗು ಮರೆತ ನೀರಿನ ಬಾಟಲಿ ಕಾಲಡಿಯಲ್ಲಿ ಆಚೆ ಈಚೆ ಉರುಳುತ್ತಿತ್ತು. ವೇಗದ ಮುಳ್ಳು ಇಪ್ಪತ್ತರ ಮೇಲೆ ಏಳಲಿಲ್ಲ. ಅವನ ತಲೆಯ ಹಿಂಭಾಗ ನರೆತಿತ್ತು. ಮೂವತ್ತೊಂಬತ್ತಕ್ಕೆ ಇಷ್ಟು ನರೆಯಬಾರದು.

ಕೆರೆ ಏರಿಯ ಮೇಲೆ ಬಂದಾಗ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಕ್ಕಾ, ಆವತ್ತು ನಾನು..."

"ರಸ್ತೆ ನೋಡಿ ಓಡಿಸಪ್ಪ."

ಕಣ್ಣನ್ನು ರಸ್ತೆಗೆ ತಿರುಗಿಸಿದ. ಆದರೆ ಕನ್ನಡಿಯಲ್ಲಿ ಆ ಮುಖ ಹಾಗೇ ಇತ್ತು. ನನಗೆ ಆ ಮುಖದ ಗುರುತಿದೆ. ನಾನು ಟೇಪು ಬಿಚ್ಚುವಾಗ ಗುರುತಿನ ಪಕ್ಕ ನಿಂತಿರುತ್ತಾರಲ್ಲ, ಎಲ್ಲ ಚಾಲಕರದ್ದೂ ಅದೇ ಮುಖ. ಅವರಿಗೆ ಅಂಕಿಗಿಂತ ಅಂಕಿಗಾಗಿ ಕಾಯುವುದು ಕಷ್ಟ. ಹೆಚ್ಚೋ ಕಡಿಮೆಯೋ, ಹೇಳಿದ ಕೂಡಲೇ ಭುಜ ಇಳಿಯುತ್ತದೆ. ಎಂಬತ್ತು ಎಂದು ಕೇಳಿಸಿಕೊಂಡು, ಕೀಲಿ ನನ್ನ ಕೈಗೆ ಕೊಟ್ಟು, ಉಸ್ಸಪ್ಪಾ ಎಂದು ಕಲ್ಲಿನ ಮೇಲೆ ಕೂತವರಿದ್ದಾರೆ. ಮರಿಸ್ವಾಮಿಯ ಭುಜ ಹನ್ನೊಂದು ವರ್ಷದಿಂದ ಇಳಿದಿಲ್ಲ. ತಾನೇ ಬಂದು ಹೇಳಲು ಧೈರ್ಯವಿಲ್ಲ, ನಾನು ಹೇಳುತ್ತೇನೆಂದು ಕಾಯುತ್ತಿದ್ದಾನೆ. ಒಂದು ಮಾತು ಹೇಳಿದರೆ ಕೆಲಸ ಹೋಗುತ್ತದೆ, ನಮ್ಮ ಬಾಗಿಲು ಮುಚ್ಚುತ್ತದೆ, ಅವನು ಇವತ್ತು ರಾತ್ರಿ ಕಣ್ತುಂಬ ನಿದ್ದೆ ಮಾಡುತ್ತಾನೆ. ನಾಳೆ ಮಳೆ ಬಂದರೆ ನೀರಗಂಟಿ ಬೀದಿಯಲ್ಲಿ ಏನೂ ಇರುವುದಿಲ್ಲ. ಹುಣಸೇಮರ ಇರುತ್ತದೆ.

ನಮ್ಮ ಗೇಟಿನ ಮುಂದೆ ನಿಲ್ಲಿಸಿದ. ಎಷ್ಟು ಮೆಲ್ಲಗೆ ಎಂದರೆ ರಸ್ತೆಯ ಮೇಲೆ ಒಂದು ಕೂದಲೆಳೆಯಷ್ಟೂ ಗುರುತು ಬೀಳಲಿಲ್ಲ. ಇಳಿದೆ. ಅವನು ಎಂಜಿನ್ ಆರಿಸದೆ ಒಂದು ನಿಮಿಷ ಕಾದ. ನಾನು ಗೇಟು ಹಾಕಿಕೊಂಡೆ.

ನನ್ನ ಗಂಡ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೇಕಾಳು ಹಿದುಕಿ ಸಿಪ್ಪೆ ಬಿಡಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಇಂಥ ಕೆಲಸಗಳನ್ನೆಲ್ಲ ಅವರೇ ಹಚ್ಚಿಕೊಂಡಿದ್ದಾರೆ. ಟವಲು ತಂದುಕೊಟ್ಟರು. "ಮಳೇಲಿ ಯಾಕೆ ಬಂದೆ? ಎಲ್ಲಾದ್ರೂ ನಿಂತು ಬರೋದಲ್ವಾ? ಯಾವ ಬೀದಿ ಇವತ್ತು?"

"ನೀರಗಂಟಿ ಬೀದಿ."

ಅವರ ಬೆರಳುಗಳ ನಡುವಿನ ಕಾಳು ಪುಳಕ್ಕನೆ ಹಾರಿ ಬಾಗಿಲ ಕಡೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿದರು. ಬಗ್ಗಿಕೊಂಡೇ ಕೇಳಿದರು.

"ಸಂಡಿಗೆ ಹಾಕಿದ್ರಾ?"

ನಾನು ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಹನ್ನೊಂದು ವರ್ಷ ಒಂದೇ ಹಾಸಿಗೆಯ ಎರಡು ಮಗ್ಗುಲಲ್ಲಿ ಮಲಗಿದ್ದೇವೆ. ನಾನು ಮೂವತ್ತಾರು ಎಂದು ಹೇಳಿಕೊಂಡು ನಿದ್ದೆ ಹೋಗುತ್ತಿದ್ದಾಗ ಇವರು ಗೋಡೆಯ ಕಡೆ ತಿರುಗಿ ಏನು ಹೇಳಿಕೊಳ್ಳುತ್ತಿದ್ದರು? ಸೊನ್ನೆಯನ್ನು ತಾವು ತಪ್ಪು ಕಡೆ ಹಿಡಿದದ್ದು ಇವರಿಗೆ ಯಾವಾಗ ಗೊತ್ತಾಯಿತು? ಮಳೆ ಬಂದ ದಿನವೋ, ಹಿಡಿದ ದಿನವೇ? ಇನ್ನೂ ಹಿಂದೆ ಹೋಗಿ ಎಂದು ಊರಿಗೆಲ್ಲ ಹೇಳುವ ನಾನು, ಆವತ್ತು ಒಂದು ಸಲ ತಲೆಯೆತ್ತಿ ಇವರಿಗೆ ಹೇಳಿರಲಿಲ್ಲ.

"ಹಾಕಿದ್ರು," ಎಂದೆ. "ರಸ್ತೆ ತುಂಬಾ."

ಅವರು ಕಾಳು ಹೆಕ್ಕಿಕೊಂಡು ನಿಧಾನವಾಗಿ ಎದ್ದರು. ನನ್ನ ಮುಖ ನೋಡಿದರು. ನಾನು ಯಾವಾಗಲೂ ನೋಡುವ ಹಾಗೆ ನೋಡಿದೆ. ಅವರ ಉಸಿರು ಸರಾಗವಾಯಿತು. "ಆ ಬೀದಿಯವರು ಬಲು ಗಟ್ಟಿಗರು," ಎಂದು ಮತ್ತೆ ಮೊರದ ಮುಂದೆ ಕೂತರು.

ಟೇಪನ್ನು ಒಣಬಟ್ಟೆಯಿಂದ ಒರೆಸಿ ಮೊಳೆಗೆ ತೂಗುಹಾಕಿದೆ. ಎಪ್ಪತ್ತೆರಡು ಬಾಯಿಯೊಳಗೆ ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ಇತ್ತು. ನಾನಲ್ಲದೆ ಬೇರೆ ಯಾರು ಹೇಳಿದರೂ ರಸ್ತೆ ಕೇಳುವುದಿಲ್ಲ. ನಾನು ಸತ್ತ ಮೇಲೆ ಹೇಳುವವರೇ ಇರುವುದಿಲ್ಲ. ಮೇಲೆ ಎಷ್ಟು ಟಾರು ಹಾಕಿದರೂ ಎದ್ದು ಬರುತ್ತದೆ, ಕುಮುದಳ ವಾರಿಗೆಯವರ ಮೊಮ್ಮಕ್ಕಳೂ ಅದನ್ನು ತುಳಿಯದೆ ದಾಟುತ್ತಾರೆ. ಅದಾದರೂ ಇರಲಿ.

ಅಡಿಗೆ ಮನೆಗೆ ಹೋಗಿ ದೊಡ್ಡ ಪಾತ್ರೆ ಇಳಿಸಿದೆ. ಅಕ್ಕಿ ಡಬ್ಬದ ಸದ್ದು ಕೇಳಿ ಅವರು ಅಲ್ಲಿಂದಲೇ, "ಈ ಹೊತ್ತಲ್ಲಿ ಅಕ್ಕಿ ಯಾಕೆ?" ಎಂದರು.

"ನೆನೆಹಾಕ್ತಿದ್ದೀನಿ. ರಾಜಮ್ಮನ ಸಂಡಿಗೆಯೆಲ್ಲ ಮಳೆಗೆ ಹೋಯ್ತು. ಒಂದಿಷ್ಟು ಮಾಡಿ ಕಳಿಸೋಣ."

ಮೂರು ಸೇರು ಅಳೆದು ಹಾಕಿ, ಮುಳುಗುವಷ್ಟು ನೀರು ಹೊಯ್ದು, ತಟ್ಟೆ ಮುಚ್ಚಿದೆ.